ಜಯಂತಿಯ ಗೊರಕೆ

ಕಲ್ಕತ್ತಾ
18-7-1988

ಪ್ರೀತಿಯ ವನಜಕ್ಕ,

ನಿನಗೂ ಭಾವನಿಗೂ ತಮ್ಮ ರತ್ನಾಕರನ ನಮಸ್ಕಾರ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತದ್ದಕ್ಕೆ ಕ್ಷಮಿಸು. ‘ಇಲ್ಲಿ ಎಲ್ಲ ಕ್ಷೇಮ’ ಎಂದು ಶುರುಮಾಡಿ ಮೂರು ಇನ್‌ಲ್ಯಾಂಡ್ ಹಾಳುಮಾಡಿದೆ. ಆ ಸಾಲು ಬರೆದ ಮೇಲೆ ಮುಂದಿನದು ಬರೆಯಲಾಗುವುದಿಲ್ಲ.

ಮೊನ್ನೆ ನಿನ್ನ ಮೂರನೆಯ ಕಾಗದ ಬಂತು. ಜಯಂತಿಯನ್ನು ಮಂಗಳೂರಿನ ಮೂಗಿನ ಡಾಕ್ಟರಿಗೆ ತೋರಿಸಿದ್ದು, ಒಳಗಿನ ಮೂಳೆ ಕೊಂಚ ಡೊಂಕಿದೆ, ಗೊರಕೆಯಿಂದ ಗಂಡನಾದ ನನಗೆ ಅಷ್ಟು ತೊಂದರೆಯಾಗುವುದಾದರೆ ಆಪರೇಷನ್ ಮಾಡಬಹುದು ಎಂದು ಅವರು ಹೇಳಿದ್ದು, ನೀವು ಇಪ್ಪತ್ತೆಂಟಕ್ಕೆ ದಿನ ಗೊತ್ತುಮಾಡಿದ್ದು, ಅವಳೂ ಒಪ್ಪಿದ್ದು, ಎಲ್ಲ ಓದಿದೆ. ಓದಿದವನೇ ಎದ್ದುಹೋಗಿ ‘ಆಪರೇಷನ್ ಬೇಡ, ಕಾಗದ ಬರುತ್ತಿದೆ’ ಎಂದು ತಂತಿ ಕೊಟ್ಟೆ. ಇದೇ ಆ ಕಾಗದ.

ಅಕ್ಕ, ಜಯಂತಿ ಗೊರಕೆ ಹೊಡೆಯುವುದಿಲ್ಲ. ‘ಇಲ್ಲಿ ನಮಗ್ಯಾರಿಗೂ ಕೇಳಿಸಲಿಲ್ಲ, ಊರಿನ ಗಾಳಿಗೆ ಕಡಿಮೆಯಾಗಿರಬೇಕು’ ಎಂದು ನೀನು ಬರೆದಿದ್ದೀಯಲ್ಲ, ಪಾಪ, ಊರಿನ ಗಾಳಿಗೆ ಆ ಶಕ್ತಿ ಇಲ್ಲ. ಇಲ್ಲದ್ದು ಕೇಳಿಸುವುದಾದರೂ ಹೇಗೆ?

ನಿದ್ದೆ ಕೆಟ್ಟದ್ದು ಬ್ಯಾಂಕಿನ ಕೆಲಸದಿಂದ. ಸಾಲ್ಟ್ ಲೇಕಿನ ಬ್ರಾಂಚಿಗೆ ಮ್ಯಾನೇಜರನಾದ ದಿನದಿಂದ. ಹಣವಿಡುವ ನಮ್ಮ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ; ಒಂದು ನನ್ನಲ್ಲಿ, ಒಂದು ಹೆಡ್ ಕ್ಯಾಶಿಯರ್ ನಿರಂಜನ ಬಾಬುವಿನಲ್ಲಿ. ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಸಂಜೆ ನನ್ನ ಪಾಲಿನದನ್ನು ಮನೆಗೆ ಒಯ್ಯಬೇಕು, ಹೆಂಡತಿ ಮಕ್ಕಳಿಗೂ ಮುಟ್ಟಲು ಕೊಡಕೂಡದು. ನನ್ನ ಹಿಂದಿನವರು ಒಮ್ಮೆ ಅದನ್ನು ಎಲ್ಲೋ ಮರೆತು ಸಸ್ಪೆಂಡ್ ಆದರು. ನಾನು ಬಂದು ಕೂತದ್ದು ಅವರ ಕುರ್ಚಿಯಲ್ಲೇ.

ಅಂದಿನಿಂದ ತಲೆದಿಂಬಿನಡಿ ಬೀಗದ ಕೈ ಇದೆಯೇ ಎಂದು ತಡಕಿ ನೋಡುವುದೇ ನನ್ನ ರಾತ್ರಿಯ ಉದ್ಯೋಗ. ಕರೆಂಟು ಹೋಗಿ ಫ್ಯಾನು ನಿಂತರೆ ಒಮ್ಮೆ ನೋಡುವುದು, ಬಂದರೆ ಮತ್ತೊಮ್ಮೆ. ಬಂದ್ ದಿನ ಬಸ್ಸಿಲ್ಲವೆಂದು ಸದರ್ನ್ ಅವೆನ್ಯೂವಿನ ಮನೆಯಿಂದ ಸಾಲ್ಟ್ ಲೇಕಿನವರೆಗೆ ನಡೆದುಹೋಗಿ, ಬ್ರಾಂಚಿನ ಶಟರ್ ಎಳೆದು ನೋಡಿ, ನಡೆದೇ ವಾಪಸು ಬಂದೆ. ಹಗಲು ಸಹಿ ಹಾಕುತ್ತಲೇ ತೂಕಡಿಕೆ. ಟೈಪಿಸ್ಟ್ ಹುಡುಗಿಯ ಮೇಲೆ ಸುಮ್ಮಸುಮ್ಮನೆ ಹರಿಹಾಯುತ್ತಿದ್ದೆ.

ಏಪ್ರಿಲಿನಲ್ಲಿ ಇನ್‌ಸ್ಪೆಕ್ಷನ್ನಿಗೆ ಬಂದವರ ಎದುರು ಚಹದ ಕಪ್ಪು ಹಿಡಿದೇ ನಿದ್ದೆಹೋದೆ. ಚಹಾ ಅವರ ಫೈಲಿನ ಮೇಲೆ ಚೆಲ್ಲಿತು. ನಿರಂಜನ ಬಾಬು ಮೆಲ್ಲಗೆ, “ದಾದಾ, ರಾತ್ರೆ ಘುಮ್ ಹೋಯ್ ನಾ?” ಎಂದರು. ರಾತ್ರಿ ನಿದ್ದೆ ಬರುವುದಿಲ್ಲವೇ ಎಂದು ಕೇಳಿದ್ದಷ್ಟೆ. ಹೆದರಿಕೆ ಎನ್ನಲು ಬಾಯಿ ಬರಲಿಲ್ಲ. ಹೆಂಡತಿಯ ಗೊರಕೆ ಎಂದುಬಿಟ್ಟೆ. ಅವರು ನಕ್ಕರು, ಇನ್‌ಸ್ಪೆಕ್ಟರೂ ನಕ್ಕರು, ನಾನು ಬಚಾವಾದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹೆಂಡತಿಯ ಮೂಗನ್ನೇ ಡೊಂಕು ಮಾಡಿದೆ.

ಒಮ್ಮೆ ನಡೆದ ಸುಳ್ಳು ಮತ್ತೆಯೂ ನಡೆಯುತ್ತದೆ. ಮೇ ತಿಂಗಳಲ್ಲಿ ನಿನ್ನ ಮಗಳು ಶೋಭನಾಳ ಮದುವೆಗೆ ಬಂದಾಗ ನನ್ನ ಕಣ್ಣಡಿಯ ಕಪ್ಪು ನೋಡಿ ನೀನು, “ಎಂತ ಮಾರಾಯ, ಜ್ವರ ಬಂದವನ ಹಾಗೆ ಇದ್ದಿ?” ಎಂದೆ. ನಿಮಗೂ ಅದನ್ನೇ ಹೇಳಿದೆ. “ಹಾಗಾದ್ರೆ ಅವಳು ಸ್ವಲ್ಪ ದಿನ ಇಲ್ಲೇ ಇರ್ಲಿ, ನೀನೊಬ್ಬ ಹೋಗಿ ಸರಿ ನಿದ್ದೆ ಮಾಡು” ಎಂದು ಉಳಿಸಿಕೊಂಡವಳು ನೀನು. ಅವಳನ್ನು ಬಿಟ್ಟು ಒಬ್ಬನೇ ರೈಲು ಹತ್ತಿದವನು ನಾನು. ಅವಳಿಲ್ಲದೆ ನನ್ನ ನಿದ್ದೆ ಇನ್ನೂ ಕೆಟ್ಟಿದೆ.

ನಿನ್ನೆ ಮೇಲಿನವರಿಗೆ ಅರ್ಜಿ ಬರೆದೆ, ಬೀಗದ ಕೈಯಿಲ್ಲದ ಯಾವ ಕುರ್ಚಿಯಾದರೂ ಸರಿ, ಕೊಡಿ ಎಂದು. ಭಾವ ಹೇಡಿ ಅನ್ನಬಹುದು, ಅನ್ನಲಿ, ಹೌದು. ನಿನ್ನಲ್ಲಿ ಒಂದೇ ಕೋರಿಕೆ. ಮದುವೆಯ ದಿನ ಈ ಗೊರಕೆಯ ಮಾತಿಗೆ ನಕ್ಕವರನ್ನೆಲ್ಲ ಕೂರಿಸಿ, ಜಯಂತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈ ಕಾಗದವನ್ನು ಗಟ್ಟಿಯಾಗಿ ಓದು. ಅವಳಿಗೇ ಬರೆಯೋಣವೆಂದು ಕೂತರೆ ನಾಚಿಕೆಯಿಂದ ಪೆನ್ನು ಏಳುತ್ತಿಲ್ಲ.

ಶೋಭನಾಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ನನ್ನನ್ನು ಹರಸು ಎಂದು ಕೇಳುವ ಮುಖವಿಲ್ಲ. ಬೈದಾದರೂ ನಾಲ್ಕು ಸಾಲು ಬರೆ.

ನಿನ್ನ ತಮ್ಮ,
ರತ್ನಾಕರ

ತಾ.ಕ.: ಇದನ್ನೂ ಓದು, ಬಿಡಬೇಡ. ಮಾರ್ಚಿನಲ್ಲಿ ಒಂದು ರಾತ್ರಿ ಜಯಂತಿ, “ಆ ಬೀಗದ ಕೈ ನನ್ನ ಹತ್ರ ಕೊಡಿ. ನಾನು ಹಿಡ್ಕೊಂಡು ಕೂತಿರ್ತೇನೆ, ನೀವು ಮಲಗಿ” ಎಂದಳು. ನಿಯಮ ಗೊತ್ತಿದ್ದೂ ಕೊಟ್ಟೆ. ಮದುವೆಗೆ ಹೊರಡುವವರೆಗೆ ಪ್ರತಿರಾತ್ರಿ ಅವಳು ಗೋಡೆಗೊರಗಿ ಕೂತು ಬೆಳಗು ಮಾಡಿದಳು. ನಾನು ಮೂರು ತಾಸು ಮಲಗಿದ್ದರೆ ಅದರಿಂದ. ಹಗಲಾದರೂ ಅವಳು ಮಲಗುತ್ತಿದ್ದಳೋ ಇಲ್ಲವೋ, ನಾನು ಕೇಳಲಿಲ್ಲ. ಮದುವೆಯ ಊಟದ ಪಂಕ್ತಿಯಲ್ಲಿ ‘ಇವಳ ಗೊರಕೆ ಹೀಗೆ’ ಎಂದು ನಾನು ಮೂಗಿನಿಂದ ಸದ್ದು ಮಾಡಿ ತೋರಿಸಿದೆನಲ್ಲ, ನೆನಪಿದೆಯೇ? ಅವಳು ಸಾರು ಬಡಿಸುತ್ತಾ ನನ್ನೆದುರಿಗೇ ನಿಂತಿದ್ದಳು. ನನ್ನ ಮುಖ ನೋಡಿದಳು, ಅಕ್ಕ. ನೋಡಿ, ನಿಮ್ಮೆಲ್ಲರಿಗಿಂತ ಮೊದಲು ಅವಳೇ ನಕ್ಕಳು.