ಉಡಿಯ ಬೂಷ್ಟು, ಹಗೇವಿನ ಬೂಷ್ಟು

ಜುಲೈ ೩, ೧೯೩೯. ಸೋಮವಾರ, ಹಿಟ್ನಾಳ

ಕ್ಷೌರ ಅರ್ಧಕ್ಕೇ ನಿಂತಿತು. ಎಡಗೆನ್ನೆ ನುಣುಪು, ಬಲಗೆನ್ನೆ ಜಾಲಿಮುಳ್ಳು. ಹಾಗೇ ಎದ್ದು ಹೋದೆ — ಬಾಗಿಲಲ್ಲಿ ಅಳವಂಡಿಯ ಗಾಡಿ. ಶೇಖರಮ್ಮ ಒಬ್ಬಳೇ ಇಳಿದಳು. ಒಂದು ಟ್ರಂಕು, ಒಂದು ಗಂಟು. ಗಾಡಿಯವನು ನನ್ನ ಮುಖ ನೋಡದೆ ಹೊರಟುಹೋದ.

ತಂಗಿ ಹುಲಗೆಮ್ಮನ ಮಗಳು. ತಂಗಿ ವಿಧವೆಯಾಗಿ ನನ್ನ ಮನೆ ಸೇರಿದ ಮೇಲೆ ನನಗೇ ಮಗಳು. ಹೋದ ವರ್ಷ ಅಳವಂಡಿಗೆ ಕೊಟ್ಟು ಮದುವೆ ಮಾಡಿದೆ. ಸೋದರಮಾವನೆಂದು ಉಡಿ ತುಂಬಿದವನು ನಾನು. ಗಂಗಾವತಿಯ ಅಕ್ಕಿ, ಕೊಬ್ಬರಿ, ಉತ್ತತ್ತಿ. ಅಳವಂಡಿಯವರಿಗೆ ಒಂದು ಪದ್ಧತಿ. ಹೊಸ ಸೊಸೆಯ ಉಡಿಯಲ್ಲಿ ಅರ್ಧವನ್ನು ಹಗೇವಿನ ಬಾಯಿಗೆ ಸುರಿದು, ಆ ನೆಲಗುಂಡಿಯ ಜೋಳವನ್ನು ಮಣ್ಣು ಮೆತ್ತಿ ಮುಚ್ಚುತ್ತಾರೆ. ಉಳಿದರ್ಧ ದೇವರ ಜಗಲಿಯ ಮೇಲೆ.

ಮೊನ್ನೆ ಹಗೇವು ತೆಗೆದರಂತೆ. ಬಾಯಿಂದ ಸೊಂಟದಾಳದವರೆಗೆ ಜೋಳ ಕರ್ರಗೆ. ಜಗಲಿಯ ಗಂಟು ಬಿಚ್ಚಿದರೆ ಕೊಬ್ಬರಿಯೂ ಕರ್ರಗೆ. ಮುಗಿಯಿತಲ್ಲ, ನ್ಯಾಯ! ಬೀಗ ಕಳಕಪ್ಪ ಹೇಳಿ ಕಳಿಸಿದ್ದಾನೆ — "ನಿಮ್ಮ ಉಡಿ ಬೂಷ್ಟು ನಮ್ಮ ಹಗೇವು ತಿಂದೈತಿ. ಉಡಿನೂ ನಿಮ್ದ, ಹುಡಿಗಿನೂ ನಿಮ್ದ. ಇಟಗೊಳ್ರಿ."

ನನ್ನ ಕೊಬ್ಬರಿ! ಬೆರಳಿಂದ ಬಡಿದು ಸಪ್ಪಳ ಕೇಳಿ ಒಳಗಿನ ರುಚಿ ಹೇಳುವವನು ಕೊಪ್ಪಳ ಸೀಮೆಯಲ್ಲಿ ನಾನೊಬ್ಬನೇ. ಬಲಗೆನ್ನೆ ಹಾಗೇ ಉಳಿಯಿತು.

ಜುಲೈ ೪

ಅಳವಂಡಿಗೆ ಹೋದೆ. ಬೀಗತಿ ಪಂಪಮ್ಮ ನೀರು ಕೂಡ ಕೊಡಲಿಲ್ಲ.

"ಜಗಳಕ್ಕ ಬಂದೀರೇನ್ರಿ?"

"ಇಲ್ಲವ್ವ, ನಿಮ್ಮ ಹಗೇವಿಗೆ ಕೈ ಮುಗದು ಹೋಗೂಣಂತ ಬಂದೆ. ನಮ್ಮ ಉಡಿ ತಿಂದು ಸುಖವಾಗಿ ಐತಿಲ್ಲೋ?"

ಕೈ ಮುಗಿಯುವ ನೆಪದಲ್ಲಿ ಬಗ್ಗಿ ಕರಿ ಜೋಳ ಒಂದು ಹಿಡಿ ಎತ್ತಿದೆ. ಎಲೆ-ಅಡಿಕೆಯ ಚಂಚಿಗೆ ಹಾಕಿಕೊಂಡೆ. ಮುದುಕಿಗೆ ಗೊತ್ತೇ ಆಗಲಿಲ್ಲ. ಈ ಕೈಚಳಕ ಯಾವ ಸಾಲಿಯಲ್ಲೂ ಕಲಿಸುವುದಿಲ್ಲ.

ಜುಲೈ ೬. ಗಂಗಾವತಿ

ಉಮಾಪತಿ — ಕೊಪ್ಪಳದ ಕಿರಾಣಿಯವರ ಹುಡುಗ. ಪುಣೆಯಲ್ಲಿ ಬೆಳೆಯ ರೋಗ ಓದಿ ಬಂದು, ಇಲ್ಲಿ ಅಕ್ಕಿ ಗಿರಣಿಯ ಹಿಂದೆ ಕೋಣೆ ಹಿಡಿದಿದ್ದಾನೆ. ಮೈಕ್ರೋಸ್ಕೋಪು ಇದೆ. ಚಂಚಿಯಿಂದ ಶೇಖರಮ್ಮ ತಂದ ಉಡಿ ಗಂಟಿನ ಕೊಬ್ಬರಿ ತೆಗೆದಿಟ್ಟೆ, ಜೋಳ ತೆಗೆದಿಟ್ಟೆ. ಎರಡೂ ಒಂದೇ ಬೂಷ್ಟೋ ಬೇರೆಯೋ ಹೇಳು ಎಂದೆ.

"ಕಣ್ಣಿಗೆ ಎರಡೂ ಕರೀನ ಮಾಮಾ. ಬೆಳಸಿ ನೋಡಬೇಕು. ವಾರ ಬಿಟ್ಟು ಬರ್ರಿ."

ಆಲೂಗಡ್ಡೆಯ ಗಂಜಿ ಹೆಪ್ಪುಗಟ್ಟಿಸಿದ ಗಾಜಿನ ತಟ್ಟೆಗಳಿಗೆ ಸೂಜಿಯಿಂದ ಒಂದಿಷ್ಟು ಬೂಷ್ಟಿನ ಮಸಿ ಮುಟ್ಟಿಸಿದ. ಬೂಷ್ಟಿಗೂ ಊಟ ಹಾಕಿ ಸಾಕುವ ಕಾಲ ಬಂತು!

ಜುಲೈ ೧೩

ಎರಡೂ ತಟ್ಟೆಯಲ್ಲಿ ಎರಡು ಜಾತಿಯೂ ಬೆಳೆದಿವೆ. ಎರಡರ ಜೊತೆ ಮತ್ತೇನೇನೋ.

"ಎರಡನೂ ಒಂದ ಚಂಚ್ಯಾಗ ತಂದೀರಲ್ಲ?"

"ಹೌದು. ಮತ್ತ? ತೊಟ್ಲಾಗ ತರಬೇಕಿತ್ತೇನು?"

"ಬೆರೆತುಬಿಟ್ಟಾವ್ರಿ ಮಾಮಾ. ಇದರಾಗ ಏನೂ ಹೇಳಾಕ ಬರೂದಿಲ್ಲ."

ನಾಲ್ಕು ಮಂದಿ ಕೇಳುವಂತೆ ಬೈದೆ ಅವನನ್ನು. ಪುಣೆಯನ್ನು ಬೈದೆ. ಆಲೂಗಡ್ಡೆಯನ್ನು ಬೈದೆ. ದಾರಿಯುದ್ದಕ್ಕೂ ಬೈಯುತ್ತ ಬಂದೆ. ಮೋಟಾರಿನಲ್ಲಿ ನನ್ನ ಪಕ್ಕದವನು ಎದ್ದು ಬೇರೆ ಕಡೆ ಕೂತ. ಹೊಸದಾಗಿ ಜೋಳ ತರೋಣವೆಂದರೆ ಹಗೇವು ತೊಳೆದು ಸುಣ್ಣ ಬಳಿದಿದ್ದಾರಂತೆ.

ಜುಲೈ ೧೪

ಹುಲಗೆಮ್ಮ ಒಲೆಯ ಮುಂದೆ ಅಳುತ್ತಿದ್ದಳು. ಮಗಳನ್ನು ಕಳಿಸುವ ದಾರಿ ಮುಚ್ಚಿತೆಂದು. ಶೇಖರಮ್ಮ ಅಳಲಿಲ್ಲ. ಟ್ರಂಕು ತೆಗೆದು ತಳದಲ್ಲಿದ್ದ ಒಂದು ಸೀರೆ ಹಿಡಿದು ಬಂದಳು. ಸೆರಗಿನ ಗಂಟಿನಲ್ಲಿ ಕರಿ ಜೋಳ.

"ಇದು ಹಗೇವಿಂದ ಮಾಮಾ. ಉಡಿ ಗಂಟು ಇದಕ್ಕ ಮುಟ್ಟಿಲ್ಲ."

"ಹಗೇವಿನ ಜೋಳ ನಿನ್ನ ಸೆರಗಿಗೆ ಹ್ಯಾಂಗ ಬಂತು?"

"ಒಳಗ ಇಳದಿದ್ದೆ. ನಿನ್ನ ಉಡಿ ಕೆಡಿಸಿದ್ದು, ನೀನ ಇಳದು ತೆಗಿ ಅಂದ್ರು."

"ಮೊದಲ ದೀಪ ಇಳಿಸಿದ್ರಿಲ್ಲೋ?"

"ಇಲ್ಲ."

ಹಗೇವು ತೆಗೆದರೆ ಒಂದು ದಿನ ಬಾಯಿ ತೆರೆದಿಡಬೇಕು. ಕಂದೀಲು ಇಳಿಬಿಟ್ಟು ನೋಡಬೇಕು. ಕಂದೀಲು ಆರಿದರೆ ಮನುಷ್ಯನೂ ಆರುತ್ತಾನೆ. ಎತ್ತು ಮೇಯಿಸುವ ಹುಡುಗನಿಗೂ ಇದು ಗೊತ್ತು. ಕಳಕಪ್ಪನಿಗೆ ಗೊತ್ತಿಲ್ಲವೇ? ಎರಡು ಬುಟ್ಟಿ ತುಂಬುವಷ್ಟರಲ್ಲಿ ಇವಳಿಗೆ ಕಣ್ಣು ಕತ್ತಲೆ ಬಂದಿದೆ. ಆಳು ಅಬ್ದುಲಸಾಬ ಉಸಿರು ಬಿಗಿಹಿಡಿದು ಇಳಿದು ಹೊತ್ತು ತಂದನಂತೆ.

"ನಿನ್ನ ಗಂಡ?"

"ಮ್ಯಾಲೆ ನಿಂತಿದ್ರು."

ಇಷ್ಟು ಬರೆಯುವಷ್ಟರಲ್ಲಿ ನಿಬ್ಬು ಮುರಿಯಿತು. ಇದು ಎರಡನೆಯ ಟಾಕು. ಕೊಡಲಿ ಮಸೆಯಲೇ ಅಂದುಕೊಂಡೆ... ಇಲ್ಲ. ಮೊದಲು ಕೊಬ್ಬರಿ. ಕೊಬ್ಬರಿ ಗೆದ್ದರೆ ಎಲ್ಲ ಗೆದ್ದಂತೆ. ಜೋಳ ಒಂದು ಸೀಸೆಗೆ, ಗಂಟಿನಿಂದ ಬೇರೆ ಕೊಬ್ಬರಿ ಇನ್ನೊಂದು ಸೀಸೆಗೆ. ಚಂಚಿಯನ್ನು ಮನೆಯಲ್ಲೇ ಬಿಟ್ಟೆ. ಎಲೆ-ಅಡಿಕೆ ಇಲ್ಲದೆ ಗಂಗಾವತಿ — ಮಗಳಿಗಾಗಿ ಅದನ್ನೂ ಮಾಡಿದೆ.

ಜುಲೈ ೨೪. ಗಂಗಾವತಿ

ಗೆದ್ದೆ!

ನಾನೇ ನೋಡಿದೆ. ಮೊದಲಿಗೆ ಕಂಡದ್ದು ನನ್ನದೇ ರೆಪ್ಪೆಗೂದಲು. ಅದು ಯಾರಿಗೂ ಬೇಕಾಗಿಲ್ಲ. ಆಮೇಲೆ ಉಮಾಪತಿ ತಿರುಪು ತಿರುಗಿಸಿದ. ಅಬ್ಬಾ. ಮಸಿಯೆಂದರೆ ಮಸಿಯಲ್ಲ, ಅದೊಂದು ಹೊಲ. ಗಾಜಿನಂಥ ಉದ್ದ ದಂಟು, ತುದಿಗೆ ದುಂಡು ತಲೆ. ತಲೆಯ ಸುತ್ತ ಸಣ್ಣ ಸಣ್ಣ ಸೀಸೆಗಳು. ಒಂದೊಂದು ಸೀಸೆಯ ಬಾಯಿಂದ ಕರಿಮಣಿಯ ಸರ.

"ಕೊಬ್ಬರಿದು ನೋಡ್ರಿ. ತಲಿ ಮ್ಯಾಲೆ ಮೊದಲ ಒಂದು ಸಾಲು ಮೊಳಿ. ಆ ಮೊಳಿ ಮ್ಯಾಲೆ ಸೀಸೆ ಕೂತಾವ. ಎರಡು ಸಾಲು. ಈಗ ಜೋಳದ್ದು ನೋಡ್ರಿ. ಮೊಳಿ ಇಲ್ಲ. ಸೀಸೆ ಸೀದಾ ತಲಿ ಮ್ಯಾಲೆ. ಒಂದ ಸಾಲು. ಮಣಿಗೋಳ ಮೈನೂ ಬ್ಯಾರೆ, ಇದಕ್ಕ ಮುಳ್ಳು ಜಾಸ್ತಿ. ಎರಡೂ ಅಣ್ತಮ್ಮಂದಿರ. ಆದ್ರ ಒಂದ ಜಾತಿ ಅಲ್ಲ."

"ಅಂದ್ರ ನಮ್ಮ ಉಡಿ ಬೂಷ್ಟು ಅವರ ಹಗೇವಿಗೆ ಹೋಗಿಲ್ಲ?"

"ಹೋದ್ರೂ ಅಲ್ಲಿ ಬೆಳದದ್ದು ಇದಲ್ಲ. ಹಗೇವಿನ ಗ್ವಾಡಿಗೆ ನೀರು ಇಳದಿರಬೇಕು."

ಕೊಬ್ಬರಿಗೂ ಬೂಷ್ಟು ಬಂದದ್ದು ಖರೆ. ವರ್ಷವಿಡೀ ದೇವರ ಜಗಲಿಯ ಮೇಲೆ ಅಭಿಷೇಕದ ನೀರು ಬಿದ್ದರೆ ಕಲ್ಲಿಗೂ ಬಂದೀತು.

ಜುಲೈ ೩೦

ಮೈಕ್ರೋಸ್ಕೋಪು ನೋಡಲು ಕಳಕಪ್ಪ ಸುಮ್ಮನೆ ಬರುವವನಲ್ಲ. ಕೊಪ್ಪಳದ ಸಂತೆಯಲ್ಲಿ ಹೈದರಸಾಬನ ಕಿವಿಯಲ್ಲಿ ಒಂದೇ ಮಾತು ಹಾಕಿದೆ — ಅಳವಂಡಿಯ ಒಂದು ದೊಡ್ಡ ಮನೆಯ ಜೋಳ ನೋಡಿ ಕೊಳ್ಳಪ್ಪ. ಹೈದರಸಾಬ ದಲಾಲ, ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಕುಷ್ಟಗಿ ಮುಟ್ಟುತ್ತದೆ. ಮೂರೇ ದಿನಕ್ಕೆ ಕಳಕಪ್ಪನ ಮನುಷ್ಯ ಬಂದ. ಗಂಗಾವತಿಗೆ ಬರುತ್ತಾನಂತೆ. ಹ!

ಆಗಸ್ಟ್ ೧

ಕಳಕಪ್ಪ ರುಮಾಲು ತೆಗೆದಿಟ್ಟು ಒಂದು ಕಣ್ಣು ಮುಚ್ಚಿ ಬಗ್ಗಿದ. ಭಾಳ ಹೊತ್ತು ಬಗ್ಗಿದ.

"ಕಾಣ್ತಿಲ್ಲೋ ಬೀಗಾ? ಒಂದು ಸಾಲೋ ಎರಡೋ?"

"ತಡಿಯೋ ಮಾರಾಯಾ."

ಎರಡನೆಯ ಸ್ಲೈಡು ನೋಡಿದ. ಮತ್ತೆ ಮೊದಲನೆಯದು. ಗಿರಣಿಯ ಮಂದಿಯೆಲ್ಲ ಬಾಗಿಲಲ್ಲಿ — ನಾನೇ ಕರೆದಿದ್ದೆ.

"ಆತು," ಎಂದ. "ಬ್ಯಾರೆ ಅದಾವ. ಉಡಿದೇನ ತಪ್ಪಿಲ್ಲ. ಸೋಮವಾರ ಗಾಡಿ ತರ್ತೀನಿ. ಹುಡಿಗಿನ ಕಳಸು."

ಗಿರಣಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ. ಒಂದು ಸಾಲು, ಎರಡು ಸಾಲು ಎಂದು ಬೆರಳಿಟ್ಟು ತೋರಿಸಿದೆ. ಉಮಾಪತಿಗಿಂತ ಛಲೋ ಹೇಳಿದೆನಂತೆ, ಅವರೇ ಅಂದರು.

ಅದೇ ದಿನ. ದೀಪ ಹಚ್ಚುವ ಹೊತ್ತು

ಹುಲಗೆಮ್ಮ ಸಕ್ಕರೆ ಹಂಚಿದಳು. ಶೇಖರಮ್ಮ ಕೈ ಒಡ್ಡಲಿಲ್ಲ.

"ಗೆದ್ದೀವಿ ಮಗಳೇ! ಮಂದಿ ಮುಂದ ಒಪ್ಪಿಸೀನಿ!"

"ಛಲೋ ಆತು ಮಾಮಾ. ನನ್ನ ಹಗೇವಿಗೆ ಇಳಿಸಿದ್ದು ಕೇಳಿದ್ರೇನು?"

ಕೇಳಿಲ್ಲ.

ಚಹಾ ಕುಡಿಸಿದೆ. ಬೆರಳಿಟ್ಟು ತೋರಿಸಿದೆ. ಅವನು "ಹುಡಿಗಿನ ಕಳಸು" ಅಂದಾಗ ತಲೆಯಾಡಿಸಿದೆ. ಕೇಳಲಿಲ್ಲ. ನನ್ನ ಬಾಯಿಗೆ ಮಣ್ಣು ಹಾಕ.

ಆಗಸ್ಟ್ ೫

ನಾಲ್ಕು ದಿನದಿಂದ ಮನೆಯಲ್ಲಿ ಅದೇ ಮಾತು. ಹುಲಗೆಮ್ಮ ಅನ್ನುತ್ತಾಳೆ, "ಉಡಿ ತಪ್ಪಲ್ಲ ಅಂತ ಒಪ್ಯಾರ. ಇನ್ನೇನು ಬೇಕು? ಕಳಸಣ್ಣ." ಅವಳ ಮೇಲೆ ರೇಗಿದೆ. ಎಮ್ಮೆಯ ಮೇಲೆ ರೇಗಿದೆ. ಊರಲ್ಲಿ ಸಿಕ್ಕವರೆಲ್ಲ "ಬೂಷ್ಟಿನ ವಕೀಲರು ಬಂದ್ರು" ಎಂದು ನಗುತ್ತಾರೆ. ಮೊದಲಾದರೆ ಹಿಗ್ಗುತ್ತಿದ್ದೆ.

ಆಗಸ್ಟ್ ೭. ಸೋಮವಾರ, ಮಧ್ಯಾಹ್ನ

ಗಾಡಿ ಬಂತು. ಕಳಕಪ್ಪ, ಜೊತೆಗೆ ಅಳಿಯ. ಬಾಗಿಲಿಗೆ ಅಡ್ಡ ನಿಂತೆ.

"ಎತ್ತು ಬಿಚ್ಚಬ್ಯಾಡ್ರಿ. ಮೊದಲ ಒಂದು ಮಾತು. ದೀಪ ಇಳಿಸದ ನನ್ನ ಮಗಳನ್ನ ಹಗೇವಿಗೆ ಯಾಕ ಇಳಿಸಿದಿ?"

"ಉಡಿ ಮ್ಯಾಲಿನ ಸಿಟ್ಟೋ ಮಾರಾಯಾ. ಅದು ಮುಗೀತಲ್ಲ, ನೀನ ತೋರಿಸಿದೆಲ್ಲ!"

"ಉಡಿ ಕೆಟ್ಟಿದ್ರ ಸಾಯಬೇಕಿತ್ತೇನು ಆಕಿ?"

ಕಳಕಪ್ಪ ಮಗನ ಕಡೆ ನೋಡಿದ. ಮಗ ಎತ್ತಿನ ಕೊಂಬು ನೋಡುತ್ತಿದ್ದ. ನಾನು ಇನ್ನೂ ಏನೇನೋ ಕೂಗುತ್ತಿದ್ದೆ. ಓಣಿ ನೆರೆದಿತ್ತು, ನನಗೆ ಹುರುಪು ಏರಿತ್ತು... ಬೆನ್ನ ಹಿಂದೆ ಶೇಖರಮ್ಮ.

"ಎತ್ತು ಬಿಚ್ಚಲಿ ಮಾಮಾ. ದೂರದಿಂದ ಬಂದಾವ, ನೀರು ಕುಡೀಲಿ. ನಾ ಹೋಗೂದಿಲ್ಲ."

ಇಷ್ಟೇ ಅಂದಳು. ಕೂಗಲಿಲ್ಲ. ಎತ್ತುಗಳಿಗೆ ತಾನೇ ನೀರಿನ ಬಾನಿ ತಂದಿಟ್ಟಳು.

ಈಗ ಕಳಕಪ್ಪ ಕಟ್ಟೆಯ ಮೇಲೆ ಕೂತಿದ್ದಾನೆ. ಊರ ಹಿರಿಯರನ್ನು ಕರೆಸಿದ್ದಾನಂತೆ. ಹುಲಗೆಮ್ಮ ಒಳಗೆ ಅಳುತ್ತಿದ್ದಾಳೆ. ನನ್ನನ್ನು ಕೂಗುತ್ತಿದ್ದಾರೆ — ಗವಿಸಿದ್ದಪ್ಪ, ಹೊರಗ ಬಾರೋ, ಹುಡಿಗಿ ಪರವಾಗಿ ನೀ ಮಾತಾಡು ಅಂತ. ಹೋಗುತ್ತೇನೆ. ಮಾತಾಡುವುದಿಲ್ಲ. ಸುಮ್ಮನೆ ಆಕೆಯ ಪಕ್ಕ ಕೂಡುತ್ತೇನೆ. ಕೇಳುವುದಿದ್ದರೆ ಆಕೆಯನ್ನೇ ಕೇಳಲಿ, ಆಕೆಗೆ ಬಾಯಿ ಇದೆ, ನಾನು ಈ ಸಲ —