ಪಾತಿಗೆ ಹಾಸಿದ ಫ್ಲೆಕ್ಸ್

ಡಿಸೆಂಬರ್ 18, ಗುರುವಾರ. ವಿಜಯನಗರ.

ಟೊಮೆಟೊ ಗಿಡ ಕಿತ್ತ ಮೇಲೆ ಖಾಲಿ ಬಿದ್ದ ಪಾತಿಯಲ್ಲಿ ಚಳಿಗಾಲವಿಡೀ ಕಳೆ ಏಳದಿರಲಿ ಎಂದು, ಬೀದಿ ಮೂಲೆಯಲ್ಲಿ ಕಳಚಿ ಬಿದ್ದಿದ್ದ ಫ್ಲೆಕ್ಸ್ ತಂದು ಹಾಸಿ ಇಟ್ಟಿಗೆ ಹೇರಿದ್ದೆ. ಅದು ಪಕ್ಕದ ಮನೆಯ ಗಂಗಹನುಮಯ್ಯನವರು ತೀರಿಕೊಂಡಾಗ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸ್. ಗೊತ್ತಿತ್ತು. ದಪ್ಪಗಿದೆ, ಬಿಸಿಲು ಒಳಗಿಳಿಯುವುದಿಲ್ಲ ಎಂದಷ್ಟೇ ಯೋಚಿಸಿದೆ. ಮಗುಚಿ ಹಾಸುವಷ್ಟಾದರೂ ಬುದ್ಧಿ ಬೇಡವೇ?

ಬೆಳಿಗ್ಗೆ ಅವರ ಹೆಂಡತಿ ಪುಟ್ಟಗೌರಮ್ಮ ಎಂದಿನಂತೆ ಪೂಜೆಗೆ ದಾಸವಾಳ ಕೀಳಲು ಬಂದಿದ್ದರು. ನಾನು ಹೊರಗೆ ಬರುವಷ್ಟರಲ್ಲಿ ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಇಟ್ಟಿಗೆ ಅವರ ಮುಖದ ಮೇಲಿತ್ತು, ಅಂಚಿಗೆ ಇಟ್ಟಿದೀನಿ ಕಣಪ್ಪ. ಗಾಳಿಗೇನೂ ಹಾರಲ್ಲ.”

“ಸರಿ ಆಂಟಿ” ಎಂದೆ. ಅಷ್ಟೇ ಎಂದೆ.