ಗಂಟೆ ಬಾರಿಸಿದರೆ ಗುಂಡಿಗೆ ಗುಣವಾಗುವುದಿಲ್ಲ

ಮಕ್ಕಳ ಹೃದಯ ವಿಭಾಗದ ಮಾನ್ಯ ನಿರ್ದೇಶಕರೇ,

ಹದಿನೆಂಟು ತುಂಬಿದ ಹೃದ್ರೋಗಿ ಮಕ್ಕಳ ಕೈಲಿ ಗಂಟೆ ಹೊಡೆಸಿ ಬೀಳ್ಕೊಡುವ ನಿಮ್ಮ ಸಂಭ್ರಮವನ್ನು ನಿಲ್ಲಿಸಿ. ಅದು ನನ್ನ ಗೆಳೆಯ ಎಮೆಟ್ ಕಾಂಗಾಸನನ್ನು ಕೊಂದಿದೆ. ನೀವೇ ಕೊಂದಿರಿ ಎನ್ನುತ್ತಿಲ್ಲ. ಅಷ್ಟು ಶ್ರಮ ತೆಗೆದುಕೊಳ್ಳುವವರು ನೀವಲ್ಲ.

ನಾವಿಬ್ಬರೂ ಗುಂಡಿಗೆಯಲ್ಲಿ ತೂತಿಟ್ಟುಕೊಂಡೇ ಹುಟ್ಟಿದವರು, ಉತ್ತರ ಮಿನೆಸೋಟದ ನಿಮ್ಮ ಆಸ್ಪತ್ರೆಯ ಮೂರನೇ ಮಹಡಿಯಲ್ಲೇ ಬೆಳೆದವರು. ಎಕೋ ಪರೀಕ್ಷೆಯ ತಣ್ಣನೆ ಲೋಳೆ ಎದೆಗೆ ಬಿದ್ದಾಗ ಯಾರು ಮೊದಲು ಕಿರುಚುತ್ತಾರೆಂದು ಪಂದ್ಯ ಕಟ್ಟುತ್ತಿದ್ದೆವು. ಯಾವಾಗಲೂ ಅವನೇ ಸೋಲುತ್ತಿದ್ದ. ಕ್ಯಾನ್ಸರ್ ವಾರ್ಡಿನಲ್ಲಿ ಚಿಕಿತ್ಸೆ ಮುಗಿದ ಮಕ್ಕಳು ಗಂಟೆ ಬಾರಿಸುತ್ತಾರೆ. ಪಕ್ಕದ ಮನೆಯ ಹಬ್ಬ ನೋಡಿ ಹೊಟ್ಟೆಯುರಿದವರಂತೆ ನೀವೂ ಒಂದನ್ನು ನೇತುಹಾಕಿದಿರಿ. ನಮ್ಮದೇನು ಮುಗಿಯುವ ರೋಗವೇ? ಹೊಲಿದ ಗುಂಡಿಗೆಯ ಕವಾಟ ಸವೆಯುತ್ತದೆ, ಬದುಕಿರುವಷ್ಟು ಕಾಲ ವರ್ಷವರ್ಷವೂ ತಪಾಸಣೆ ಬೇಕು, ಇದು ನಿಮಗೆ ಗೊತ್ತಿಲ್ಲವೇ? ಕೇಕು, ಬಣ್ಣದ ಟೋಪಿ, ಚಪ್ಪಾಳೆ, ಎಲ್ಲಕ್ಕೂ ಬಿಡುವಿತ್ತು. ಮುಂದೆ ಯಾವ ವೈದ್ಯರ ಬಳಿ ಹೋಗಬೇಕೆಂದು ಹೇಳುವುದಕ್ಕೆ ಮಾತ್ರ ಯಾರಿಗೂ ಬಿಡುವಿರಲಿಲ್ಲ. ನಾನೂ ಬಾರಿಸಿ ಬಂದವಳೇ. ಎರಡು ವರ್ಷದ ಮೇಲೆ ಕೆಲಸದ ಅಂಗಡಿಯಲ್ಲಿ ತಲೆ ತಿರುಗಿ ಬಿದ್ದ ಪುಣ್ಯಕ್ಕೆ ನನಗೆ ಮತ್ತೆ ವೈದ್ಯರ ಬಳಿ ಹೋಗುವ ಬುದ್ಧಿ ಬಂತು.

ಎಮೆಟ್ ಆರು ವರ್ಷ ಯಾವ ವೈದ್ಯರ ಮುಖವನ್ನೂ ನೋಡಲಿಲ್ಲ. ನಾನು ಬೈದರೆ ನಗುತ್ತಿದ್ದ. "ನಿಂದೊಳ್ಳೆ ಕತೆ ಕಣೇ ಡಾರ್ಸಿ. ಗಂಟೆ ಹೊಡ್ಸಿ ಕಳ್ಸಿದ್ದಾರೆ. ಮತ್ತೆ ಹೋಗಿ ಬಾಗ್ಲು ತಟ್ಟೋಕೆ ನಾನೇನು ಫೇಲಾದವ್ನಾ?" ಕಳೆದ ಜನವರಿಯಲ್ಲಿ ತಾಯಿಯ ಅಂಗಳದ ಹಿಮ ಎತ್ತುತ್ತಿದ್ದವನು ಸಲಿಕೆ ಹಿಡಿದೇ ಬಿದ್ದ. ಇಪ್ಪತ್ತನಾಲ್ಕು ವರ್ಷ. ತಾಯಿ ಕ್ಯಾರಲ್ ನಿಮ್ಮ ಕಚೇರಿಗೆ ಫೋನ್ ಮಾಡಿ, ಇವನನ್ನು ಯಾಕೆ ಯಾರೂ ತಪಾಸಣೆಗೆ ಕರೆಯಲಿಲ್ಲ ಎಂದು ಕೇಳಿದಳು. ನಿಮ್ಮ ಮಗ ನಮ್ಮಲ್ಲಿ ಚಿಕಿತ್ಸೆ ಯಶಸ್ವಿಯಾಗಿ ಮುಗಿಸಿದ್ದಾರಮ್ಮ ಎಂದು ನಿಮ್ಮವರು ಬಲು ವಿನಯದಿಂದ ಉತ್ತರಿಸಿದರಂತೆ. ಮಣ್ಣು ಮಾಡಿದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಆರಿದ ಕಾಫಿ ಹಿಡಿದು ಆಕೆ ನನ್ನನ್ನು ಕೇಳಿದಳು: "ಅವತ್ತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಾನೇ ಅಲ್ವೇನೇ?" ಉತ್ತರ ನಿಮಗೆ ಹೊಳೆದರೆ ದಯಮಾಡಿ ಆಕೆಗೆ ಬರೆದು ತಿಳಿಸಿ.

ಬರುವ ಶುಕ್ರವಾರ ಲಿವ್ ಹೌಗನ್ ಎಂಬ ಹುಡುಗಿಯ ಸರದಿಯಂತೆ. ಅವಳ ಕೈಗೆ ಗಂಟೆಯ ಹಗ್ಗ ಕೊಡುವ ಮುನ್ನ ಮುಂದಿನ ವೈದ್ಯರ ಹೆಸರು, ಭೇಟಿಯ ದಿನಾಂಕ ಕೊಡಿ. ಆಮೇಲೆ, ಎಲ್ಲರೆದುರು, ನಿಮ್ಮದೇ ಬಾಯಲ್ಲಿ ಹೇಳಿ: ಮಗೂ, ನೀನು ಗುಣವಾಗಿಲ್ಲ, ಪೂರ್ತಿ ಗುಣವಾಗುವುದೂ ಇಲ್ಲ. ಹಬ್ಬ ಕೆಡುತ್ತದೆ, ನಿಜ. ನಿಮಗೆ ನಾಲಿಗೆ ಏಳದಿದ್ದರೆ ನಾನೇ ಬಂದು ಹೇಳುತ್ತೇನೆ, ಅಂಗಿ ಬಿಚ್ಚಿ ಗಾಯದ ಕಲೆಯನ್ನೂ ತೋರಿಸುತ್ತೇನೆ. ಬೇಕಿದ್ದರೆ ಕಾವಲಿನವರಿಂದ ಹೊರಗೆ ಹಾಕಿಸಿ. ಹಿಡಿಯುವುದು ಕಷ್ಟವೇನಲ್ಲ, ನಾನು ಓಡಲಾರೆ.

ಇಂತಿ,
ನಿಮ್ಮಲ್ಲಿ ಚಿಕಿತ್ಸೆ ಯಶಸ್ವಿಯಾಗಿ ಮುಗಿಸಿ, ಮುಂದಿನ ತಿಂಗಳು ಮೂರನೇ ಸಲ ಎದೆ ಕೊಯ್ಸಿಕೊಳ್ಳಲಿರುವ
ಡಾರ್ಸಿ ನೀಮಿ